ಚಾರ್ಮಾಡಿ ಇಳಿಯಲು ಯಾವ ಸ್ಕೂಟರ್: ಗೇರ್ ಇರುವುದೋ, ಗೇರ್ ಇಲ್ಲದ್ದೋ?

ಕಳೆದ ಎರಡು ವರ್ಷಗಳಲ್ಲಿ ನಾನು ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಾಲ್ಕು ಬಾರಿ ಸ್ಕೂಟರಿನಲ್ಲಿ ಹೋಗಿದ್ದೇನೆ. ನಾಲ್ಕು ಬಾರಿಯೂ ದಾರಿ ಒಂದೇ: ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಒಟ್ಟು ಸುಮಾರು 300 ಕಿಲೋಮೀಟರ್. ಎರಡು ಸಲ ಅಪ್ಪ ಬಿಟ್ಟುಹೋದ 150 ಸಿಸಿಯ ಎರಡು ಸ್ಟ್ರೋಕಿನ ಗೇರ್ ಸ್ಕೂಟರಿನಲ್ಲಿ ಹೋದೆ, ಇನ್ನೆರಡು ಸಲ ಮನೆಯಲ್ಲಿ ದಿನಬಳಕೆಗೆಂದು ಕೊಂಡ 125 ಸಿಸಿಯ ಗೇರ್‌ರಹಿತ ಸ್ಕೂಟರಿನಲ್ಲಿ ಹೋದೆ. ಎರಡರ ಮೇಲೂ ಹೇರಿದ್ದು ಅದೇ ಹನ್ನೆರಡು ಕಿಲೋ ಸಾಮಾನು, ಹೊರಟದ್ದು ಅದೇ ಬೆಳಗಿನ ಜಾವ ನಾಲ್ಕೂವರೆಗೆ. ಹೋಲಿಸುತ್ತಿರುವುದು ಕಂಪನಿಗಳನ್ನಲ್ಲ, ಎರಡು ಬಗೆಯ ಯಂತ್ರಗಳನ್ನು. ಆದ್ದರಿಂದ ನನ್ನ ಸ್ಕೂಟರುಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಹಾಸನದವರೆಗಿನ ಚತುಷ್ಪಥ ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅಲ್ಲಿ ಗೇರ್‌ರಹಿತ ಸ್ಕೂಟರ್ ಸ್ಪಷ್ಟವಾಗಿ ಮೇಲು. ಅರವತ್ತು, ಅರವತ್ತೈದರ ವೇಗದಲ್ಲಿ ಅದು ಗಂಟೆಗಟ್ಟಲೆ ಆಯಾಸವಿಲ್ಲದೆ ಓಡುತ್ತದೆ. ಹಳೆಯದು ಐವತ್ತೈದನ್ನು ದಾಟಿದರೆ ಹ್ಯಾಂಡಲ್ ನಡುಗುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಗಾಳಿಯಿಂದಲೇ ತಣ್ಣಗಾಗಬೇಕಾದ ಎರಡು ಸ್ಟ್ರೋಕಿನ ಎಂಜಿನನ್ನು ಬಿಸಿಲಿನಲ್ಲಿ ಥ್ರಾಟಲ್ ಪೂರ್ತಿ ತಿರುವಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುವ ಭಯವಿರುತ್ತದೆ. ನಾನು ಪ್ರತಿ ಅರವತ್ತು ಕಿಲೋಮೀಟರಿಗೊಮ್ಮೆ ಹತ್ತು ನಿಮಿಷ ನಿಲ್ಲಿಸುತ್ತಿದ್ದೆ, ಎಡಗೈಯ ಎರಡು ಬೆರಳುಗಳನ್ನು ಸದಾ ಕ್ಲಚ್ಚಿನ ಮೇಲೆಯೇ ಇಟ್ಟಿರುತ್ತಿದ್ದೆ. ಎಂಜಿನ್ ಬಿಗಿಯುವ ಸೂಚನೆ ಸಿಕ್ಕಿದ ಕ್ಷಣವೇ ಕ್ಲಚ್ ಹಿಡಿಯದಿದ್ದರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಂಡು ಸವಾರ ಬೀಳುತ್ತಾನೆ. ಈ ಎಚ್ಚರದಿಂದಾಗಿಯೇ ಗೇರ್ ಸ್ಕೂಟರಿನಲ್ಲಿ ಧರ್ಮಸ್ಥಳ ಮುಟ್ಟುವಾಗ ಮಧ್ಯಾಹ್ನ ಮೂರಾಗಿತ್ತು. ಗೇರ್‌ರಹಿತದಲ್ಲಿ ಒಂದು ಗಂಟೆಗೇ ತಲುಪಿದ್ದೆ.

ಪೆಟ್ರೋಲಿನ ಲೆಕ್ಕವೂ ಅದೇ ಕಡೆಗೆ ವಾಲುತ್ತದೆ. ಹಳೆಯದು ಲೀಟರಿಗೆ ಸರಾಸರಿ 42 ಕಿಲೋಮೀಟರ್ ಕೊಟ್ಟಿತು, ಹೊಸದು 51. ಹಳೆಯದಕ್ಕೆ ಪೆಟ್ರೋಲಿನ ಜೊತೆಗೆ ಲೀಟರಿಗೆ 20 ಮಿಲಿಯಂತೆ ಟೂ-ಟಿ ಆಯಿಲ್ (ಎರಡು ಸ್ಟ್ರೋಕಿನ ಎಂಜಿನ್ನಿಗೆಂದೇ ಇರುವ ಎಣ್ಣೆ) ಬೆರೆಸಬೇಕು. ಮೊದಲಿನಂತೆ ಎಲ್ಲ ಬಂಕುಗಳಲ್ಲಿಯೂ ಅದು ಸಿಗುವುದಿಲ್ಲವಾದ್ದರಿಂದ ಬಾಟಲಿಯನ್ನೂ ಅಳತೆಯ ಮುಚ್ಚಳವನ್ನೂ ಡಿಕ್ಕಿಯಲ್ಲಿಟ್ಟುಕೊಂಡೇ ಹೊರಡಬೇಕು. ಹೋಗುವ ದಾರಿಗಷ್ಟೇ 140 ಮಿಲಿಯಷ್ಟು ಎಣ್ಣೆ ಸುಡುತ್ತದೆ, ಅದರ ಹೊಗೆಯೆಲ್ಲ ಹಿಂದೆ ಬರುವವರ ಮುಖಕ್ಕೆ ಬಡಿಯುತ್ತದೆ. ಚಾರ್ಮಾಡಿಯಂಥ ಕಾಡಿನೊಳಗೆ ಆ ನೀಲಿ ಹೊಗೆಯನ್ನು ಬಿಡುತ್ತಾ ಹೋಗುವುದು ನನಗೆ ನಿಜವಾಗಿಯೂ ಸಂಕಟದ ವಿಷಯ, ಅದನ್ನು ಮುಚ್ಚಿಟ್ಟು ಹಳೆಯ ಸ್ಕೂಟರನ್ನು ಹೊಗಳುವುದು ಸರಿಯಲ್ಲ.

ಇಷ್ಟರಲ್ಲಿಯೇ ತೀರ್ಪು ಹೇಳಿಬಿಡಬಹುದಿತ್ತು, ಆದರೆ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಘಾಟಿಯ ಮೊದಲ ತಿರುವಿಗೆ ಇಳಿಯುತ್ತಿದ್ದಂತೆ ಹೋಲಿಕೆಯ ಸ್ವರೂಪವೇ ಬದಲಾಗುತ್ತದೆ. ಚಾರ್ಮಾಡಿ ಕಿರಿದಾದ ರಸ್ತೆ; ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತ. 2019ರ ಆಗಸ್ಟ್ ಮಳೆಗೆ ಹಲವೆಡೆ ಕುಸಿದು ತಿಂಗಳುಗಟ್ಟಲೆ ಮುಚ್ಚಿಹೋಗಿದ್ದ ದಾರಿಯಿದು. ಮಂಜು ಕವಿದಾಗ ಎದುರಿನ ವಾಹನದ ದೀಪ ಹತ್ತು ಮಾರು ದೂರಕ್ಕೆ ಬಂದ ಮೇಲೆಯೇ ಕಾಣುತ್ತದೆ. ಇಂಥ ಕಡೆ ಸವಾರನಿಗೆ ಬೇಕಾದುದು ವೇಗವಲ್ಲ, ಇಳಿಜಾರಿನಲ್ಲಿ ಗಾಡಿಯನ್ನು ಬ್ರೇಕಿಲ್ಲದೆ ತಡೆದು ಹಿಡಿಯುವ ಎಂಜಿನ್.

ಗೇರ್‌ರಹಿತ ಸ್ಕೂಟರಿನಲ್ಲಿ ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ನಡುವೆ ಬೆಲ್ಟ್ ಇರುತ್ತದೆ, ಅದರ ತುದಿಯಲ್ಲಿ ತಿರುಗುವ ವೇಗಕ್ಕೆ ತಾನಾಗಿ ಹಿಡಿದು ತಾನಾಗಿ ಬಿಡುವ ಕ್ಲಚ್ ಇರುತ್ತದೆ. ಸ್ವಲ್ಪ ವೇಗವಿರುವವರೆಗೆ ಥ್ರಾಟಲ್ ಬಿಟ್ಟರೂ ಎಂಜಿನ್ ಗಾಡಿಯನ್ನು ಸಣ್ಣಗೆ ಹಿಡಿದಿರುತ್ತದೆ. ಆದರೆ ಕಡಿದಾದ ತಿರುವಿಗೆ ತೀರಾ ನಿಧಾನವಾದಾಗ ಕ್ಲಚ್ ಕಳಚಿಕೊಳ್ಳುತ್ತದೆ, ಸ್ಕೂಟರ್ ಸೈಕಲ್ಲಿನಂತೆ ಸುಮ್ಮನೆ ಉರುಳತೊಡಗುತ್ತದೆ. ಅದೂ ಹಿಡಿತ ಅತಿ ಹೆಚ್ಚು ಬೇಕಾದ ಜಾಗದಲ್ಲಿಯೇ. ಮೊದಲ ಸಲ ಈ ಅನುಭವವಾದಾಗ ನನ್ನ ಎದೆ ಹೊಡೆದುಕೊಂಡಿತು. ಬ್ರೇಕನ್ನು ಒತ್ತಿ ಹಿಡಿದೇ ಇಳಿದದ್ದರಿಂದ ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ನಿಲ್ಲಿಸಿದಾಗ ಹಿಂದಿನ ಡ್ರಮ್ಮಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಎರಡನೆಯ ಪ್ರಯಾಣದಲ್ಲಿ ಉಪಾಯ ತಿಳಿದಿತ್ತು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಥ್ರಾಟಲನ್ನು ಕೂದಲೆಳೆಯಷ್ಟು ತಿರುವಿದರೆ ಕ್ಲಚ್ ಮತ್ತೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎರಡೂ ಬ್ರೇಕುಗಳನ್ನು ಒತ್ತಿ ಒತ್ತಿ ಬಿಡಬೇಕು. ಮುಂದಿನ ಡಿಸ್ಕ್ ಬ್ರೇಕ್ ಮತ್ತು ಒಂದೇ ಹಿಡಿಯಿಂದ ಎರಡೂ ಚಕ್ರಗಳನ್ನು ತಡೆಯುವ ವ್ಯವಸ್ಥೆ ಇರುವುದರಿಂದ ಒದ್ದೆ ರಸ್ತೆಯಲ್ಲಿ ನಿಲ್ಲಿಸುವ ಶಕ್ತಿ ಇದಕ್ಕೇ ಹೆಚ್ಚು ಎಂಬುದನ್ನೂ ಒಪ್ಪಬೇಕು.

ಗೇರ್ ಸ್ಕೂಟರಿನಲ್ಲಿ ಎಡಗೈಯ ಹಿಡಿಯನ್ನು ತಿರುವಿ ಎರಡನೆಯ ಗೇರಿಗೆ ಹಾಕಿದರೆ ಸಾಕು, ಎಷ್ಟೇ ನಿಧಾನವಾದರೂ ಎಂಜಿನ್ನು ಚಕ್ರವನ್ನು ಬಿಡುವುದಿಲ್ಲ. ಆ ಭರವಸೆ ಅಂಗೈಗೆ ತಿಳಿಯುತ್ತದೆ. ಆದರೂ ಇಲ್ಲಿ ಹೊಸಬರಿಗೆ ಗೊತ್ತಿರದ ಒಂದು ಅಪಾಯವಿದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಎಣ್ಣೆ ತಲುಪುವುದೇ ಪೆಟ್ರೋಲಿನ ಜೊತೆಗೆ. ಥ್ರಾಟಲ್ ಮುಚ್ಚಿ ಮೈಲುಗಟ್ಟಲೆ ಇಳಿದರೆ ಒಳಗೆ ಹೋಗುವ ಪೆಟ್ರೋಲ್ ತೀರಾ ಕಡಿಮೆ, ಅದರೊಂದಿಗೆ ಹೋಗುವ ಎಣ್ಣೆಯೂ ಅಷ್ಟೇ ಕಡಿಮೆ. ಚಕ್ರ ಮಾತ್ರ ಪಿಸ್ಟನ್ನನ್ನು ತಿರುಗಿಸುತ್ತಲೇ ಇರುತ್ತದೆ. ಹೀಗಾಗಿ ಆಗಾಗ ಕ್ಲಚ್ ಹಿಡಿದು ಥ್ರಾಟಲನ್ನು ಒಮ್ಮೆ ತೆರೆದು ಎಂಜಿನ್ನಿಗೆ ಎಣ್ಣೆ ಕುಡಿಸಬೇಕು. ಅಪ್ಪ ಮಡಿಕೇರಿ ಇಳಿಯುವಾಗ ಹೀಗೆ ಮಾಡುತ್ತಿದ್ದರು, ಹಿಂದೆ ಕುಳಿತ ನಾನು ಅದನ್ನು ಅವರ ಅಭ್ಯಾಸ ಎಂದಷ್ಟೇ ಭಾವಿಸಿದ್ದೆ. ಕಾರಣ ತಿಳಿದದ್ದು ಚಾರ್ಮಾಡಿಯಲ್ಲಿ. ಇಳಿಜಾರಿನ ವಿಷಯದಲ್ಲಿ ನನ್ನ ಮತ ಗೇರ್ ಸ್ಕೂಟರಿಗೆ. ಹಿಂತಿರುಗುವಾಗ ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಹತ್ತುವುದಕ್ಕೆ ಮಾತ್ರ ಗೇರ್‌ರಹಿತವೇ ಸುಖ; ಲಾರಿಗಳ ಹಿಂದೆ ಸಿಕ್ಕಿಕೊಂಡು ಮೊದಲ ಮತ್ತು ಎರಡನೆಯ ಗೇರುಗಳ ನಡುವೆ ನೂರು ಸಲ ಮಣಿಕಟ್ಟು ತಿರುವುವ ಕಷ್ಟ ಅದರಲ್ಲಿಲ್ಲ.

ದಾರಿಯಲ್ಲಿ ಕೆಟ್ಟರೆ ಏನು ಮಾಡುವುದು ಎಂಬುದು ಮುಂದಿನ ಪ್ರಶ್ನೆ. ಬೇಲೂರು ದಾಟಿದ ಮೇಲೆ ಗೇರ್ ಸ್ಕೂಟರಿನ ಕ್ಲಚ್ ಕೇಬಲ್ ಕಿತ್ತುಹೋಯಿತು. ಡಿಕ್ಕಿಯಲ್ಲಿ ಇನ್ನೊಂದು ಕೇಬಲ್ ಇತ್ತು, ಕಾಫಿ ತೋಟದ ಬೇಲಿಯ ನೆರಳಿನಲ್ಲಿ ಮುಕ್ಕಾಲು ಗಂಟೆಯಲ್ಲಿ ನಾನೇ ಹಾಕಿಕೊಂಡೆ. ಇನ್ನೊಂದು ಸಲ ಹಿಂದಿನ ಚಕ್ರ ಪಂಕ್ಚರ್ ಆದಾಗ ಸ್ಟೆಪ್ನಿ ಬದಲಿಸಲು ಹದಿನೈದು ನಿಮಿಷ ಹಿಡಿಯಿತು. ಮುಂದಿನ, ಹಿಂದಿನ ಮತ್ತು ಸ್ಟೆಪ್ನಿಯ ಚಕ್ರಗಳು ಒಂದೇ ಅಳತೆಯವಾಗಿರುವುದು ಆ ಕಾಲದ ಸ್ಕೂಟರುಗಳನ್ನು ರೂಪಿಸಿದವರ ವಿವೇಕ. ಗೇರ್‌ರಹಿತದಲ್ಲಿ ಸ್ಟೆಪ್ನಿ ಇಲ್ಲ, ಟ್ಯೂಬ್‌ಲೆಸ್ ಟೈರಿಗೆ ಎಳೆ ತುರುಕುವ ಕಿಟ್ಟನ್ನೂ ಗಾಳಿ ತುಂಬುವ ಸಣ್ಣ ಪಂಪನ್ನೂ ಒಯ್ಯಬೇಕು. ಮೊಳೆಯೇನೋ ಅದರಿಂದ ವಾಸಿಯಾಗುತ್ತದೆ, ಟೈರಿನ ಬದಿ ಸೀಳಿದರೆ ಆಗುವುದಿಲ್ಲ. ಬೆಲ್ಟ್ ತುಂಡಾದರಂತೂ ಸರಕು ಸಾಗಿಸುವ ಆಟೋ ಹುಡುಕುವುದೊಂದೇ ದಾರಿ. ನನಗೆ ಹಾಗಾಗಿಲ್ಲ, ಏಕೆಂದರೆ ದೂರಕ್ಕೆ ಹೊರಡುವ ಮುನ್ನ ಬೆಲ್ಟನ್ನು ಬಿಚ್ಚಿಸಿ ನೋಡದೆ ನಾನು ಊರು ಬಿಡುವುದಿಲ್ಲ.

ಸವಾರರ ಬಳಗದ ಮಾತನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಅದು ಯಂತ್ರಕ್ಕೆ ಅಂಟಿಕೊಂಡೇ ಬರುತ್ತದೆ. ಭಾನುವಾರ ನಸುಕಿಗೆ ನೆಲಮಂಗಲದ ಬಳಿ ಇಡ್ಲಿಗೆ ಸೇರುವ ನಮ್ಮ ಹತ್ತು ಹನ್ನೆರಡು ಮಂದಿಯಲ್ಲಿ ಗೇರ್ ಸ್ಕೂಟರಿನವರಿಗೆ ಪರಸ್ಪರರ ಗಾಡಿಯ ಕಾಯಿಲೆ ಕಸಾಲೆಗಳೆಲ್ಲ ಗೊತ್ತು. ಸಾಲಿನ ಕೊನೆಯಲ್ಲಿ ಬರುವವರು ಸ್ಪ್ಯಾನರ್, ಪ್ಲಗ್, ಕೇಬಲ್ ಇಟ್ಟುಕೊಂಡಿರುತ್ತಾರೆ. ಒಬ್ಬರು ನಿಂತರೆ ಎಲ್ಲರೂ ನಿಲ್ಲುತ್ತಾರೆ. ಗೇರ್‌ರಹಿತದಲ್ಲಿ ಬರುವ ಕಿರಿಯರ ಗಾಡಿ ಕೆಡುವುದೇ ಅಪರೂಪವಾದ್ದರಿಂದ ಅವರು ಮೊದಮೊದಲು ಮುಂದೆ ಹೋಗಿ ಹಾಸನದಲ್ಲಿ ಕಾಯುತ್ತಿದ್ದರು. ಈಗ ಅವರೂ ಬಗ್ಗಿ ಕುಳಿತು ಕಾರ್ಬುರೇಟರ್ ಬಿಚ್ಚಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟನ್ನು ಊದುವುದನ್ನು ಕಲಿಯುತ್ತಿದ್ದಾರೆ, ‘ಅಣ್ಣಾ, ಜೆಟ್ ನಾನು ಊದ್ತೀನಿ ಕೊಡಿ’ ಎಂದು ಕೈ ಚಾಚುತ್ತಾರೆ. 2018ರ ಜನವರಿಯಲ್ಲಿ ಮೈಸೂರಿನ ಡಿ. ಕೃಷ್ಣಕುಮಾರ್ ಅವರು ತಾಯಿ ಚೂಡಾರತ್ನ ಅವರನ್ನು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ಕಿನ ಹಿಂದೆ ಕೂರಿಸಿಕೊಂಡು ದೇಶ ಸುತ್ತಲು ಹೊರಟ ಸುದ್ದಿ ಓದಿದಾಗ ನಮ್ಮಲ್ಲಿ ಹಲವರು ಮನೆಯ ಮೂಲೆಯಲ್ಲಿದ್ದ ಸ್ಕೂಟರಿನ ಹೊದಿಕೆ ತೆಗೆದದ್ದು. 1972ರಲ್ಲಿ ಬಂದ ಚೇತಕ್ ಎಷ್ಟೋ ಮನೆಗಳ ಮೊದಲ ವಾಹನ. ಅಂಥ ಗಾಡಿಯಲ್ಲಿ ತಾಯಿಯೊಬ್ಬರು ಸಾವಿರಾರು ಮೈಲಿ ಸುತ್ತಿದರೆಂಬುದು ನಮ್ಮ ಪಾಲಿಗೆ ದೊಡ್ಡ ಧೈರ್ಯ.

ಮೈಗೆ ಯಾವುದು ಹಿತ ಎಂದು ಕೇಳುವವರಿಗೆ: ಸೀಟು ಹಳೆಯದರದ್ದೇ ಅಗಲ, ಬೆನ್ನು ನೆಟ್ಟಗಿರುತ್ತದೆ. ಎಂಜಿನ್ ಬಲಬದಿಗಿರುವುದರಿಂದ ಗಾಡಿ ಆ ಕಡೆಗೆ ವಾಲುತ್ತದೆ, ಭಾರದ ಚೀಲ ಎಡಕ್ಕಿದ್ದರೆ ಸಮವಾಗುತ್ತದೆ. ಹೊಸದರಲ್ಲಿ ಕಾಲಿಡುವ ಜಾಗ ಚಪ್ಪಟೆಯಾಗಿರುವುದರಿಂದ ಪಾದಗಳನ್ನು ಆಗಾಗ ಸರಿಸಿ ಮಂಡಿನೋವು ತಪ್ಪಿಸಿಕೊಳ್ಳಬಹುದು, ಆದರೆ ಅಲ್ಲಿಯೇ ಚೀಲವಿಟ್ಟರೆ ಆ ಅನುಕೂಲ ಹೋಗುತ್ತದೆ.

ವಿದ್ಯುತ್ ಸ್ಕೂಟರನ್ನು ಹಾಸನದವರೆಗೆ ಮಾತ್ರ ಒಮ್ಮೆ ಒಯ್ದಿದ್ದೇನೆ. ಒಂದು ಚಾರ್ಜಿಗೆ ನೂರು ಕಿಲೋಮೀಟರಿನ ಆಸುಪಾಸು ಓಡಿತು, ಎರಡು ಕಡೆ ಚಾರ್ಜಿಗೆ ಕಾದು ತಲುಪಿದೆ. ಇಳಿಜಾರಿನಲ್ಲಿ ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿಯನ್ನು ತುಂಬಿಸುವ ಅದರ ಗುಣ ಘಾಟಿಗೆ ಹೇಳಿ ಮಾಡಿಸಿದಂತಿದೆ; ಆದರೆ ಅದರಲ್ಲಿ ನಾನು ಘಾಟಿ ಇಳಿದಿಲ್ಲವಾದ್ದರಿಂದ ತೂಗಿ ಹೇಳಲಾರೆ.

ಒಬ್ಬರೇ ಹೊರಡುವವರಿಗೆ, ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದವರಿಗೆ, ಅದೇ ದಿನ ಊರು ಮುಟ್ಟಲೇಬೇಕಾದವರಿಗೆ ನಾನು ನಿಸ್ಸಂದೇಹವಾಗಿ ಗೇರ್‌ರಹಿತ 125ನ್ನೇ ಹೇಳುತ್ತೇನೆ, ಘಾಟಿಯ ಉಪಾಯವನ್ನು ಮೊದಲು ಸಣ್ಣ ಇಳಿಜಾರುಗಳಲ್ಲಿ ಕಲಿತುಕೊಂಡಿರಬೇಕು ಎಂಬ ಒಂದೇ ಷರತ್ತಿನ ಮೇಲೆ. ಗೇರ್ ಸ್ಕೂಟರನ್ನು ನಾನು ಇನ್ನು ಮುಂದೆ ಬಳಗದ ಜೊತೆಗಷ್ಟೇ, ವರ್ಷಕ್ಕೊಮ್ಮೆ, ಎರಡು ದಿನದ ಪ್ರಯಾಣವಾಗಿ ಮಾಡಿಕೊಂಡು ಬೇಲೂರಿನಲ್ಲಿ ತಂಗಿ ಒಯ್ಯುತ್ತೇನೆ. ದೀಪಾವಳಿ ಕಳೆದ ಮೇಲೆ, ಮಳೆ ಪೂರ್ತಿ ಬಿಟ್ಟಾಗ ಹೊರಡುವುದೆಂದು ಮಾತಾಗಿದೆ. ಎರಡು ಕ್ಲಚ್ ಕೇಬಲ್, ಎರಡು ಪ್ಲಗ್, ಅರ್ಧ ಲೀಟರ್ ಎಣ್ಣೆ ಈಗಾಗಲೇ ಎಡಬದಿಯ ಡಿಕ್ಕಿಯಲ್ಲಿವೆ.