ನಾಟಿ ಕರಬೂಜ ಕಿಟ್: ನಾಲ್ಕು ಪೊಟ್ಟಣದಲ್ಲಿ ಮಲೆನಾಡಿಗೆ ಒಗ್ಗಿದ್ದು ಎರಡೇ

ನಾಲ್ಕು ಪೊಟ್ಟಣ ಬೀಜ, ಅರ್ಧ ಕೆ.ಜಿ. ಬೇವಿನ ಹಿಂಡಿ, ಹಣ್ಣು ನೊಣದ ಬಲೆ ಒಂದು, ಮಡಚಿಟ್ಟ ಚೀಟಿ ಒಂದು. ಬೀಜ ಮೇಳಗಳಲ್ಲೂ ಆನ್‌ಲೈನಿನಲ್ಲೂ ಸಿಗುವ ‘ನಾಟಿ ಕರಬೂಜ ಕಿಟ್’ಗಳ ಪೈಕಿ ಇದೂ ಒಂದು. ಬೆಲೆ 380 ರೂಪಾಯಿ. ಪೊಟ್ಟಣಗಳಲ್ಲಿ ಇರುವುದು ಇಬ್ಬಡ್ಲ, ಕಜರಿ, ಶರಾಂತೇ ಎಂಬ ಮೂರು ಬಗೆಯ ಕರಬೂಜ ಮತ್ತು ಶುಗರ್ ಬೇಬಿ ಕಲ್ಲಂಗಡಿ. ಹೊಸನಗರ ಸೀಮೆಯ ಜಂಬಿಟ್ಟಿಗೆ ಮಣ್ಣಿನ ಹಿತ್ತಲಲ್ಲಿ ಒಂದು ಬೇಸಿಗೆ ಪೂರ್ತಿ ಬೆಳೆದು ನೋಡಿದ ಲೆಕ್ಕದಲ್ಲಿ ಹೇಳುವುದಾದರೆ, ಇಬ್ಬಡ್ಲ ಮತ್ತು ಕಜರಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಉಳಿದೆರಡು ಬಯಲುಸೀಮೆಯವರಿಗೆ ಇರಲಿ. ಬಲೆಯನ್ನೂ ಚೀಟಿಯನ್ನೂ ನಂಬಿಕೊಂಡರೆ ನಾಲ್ಕೂ ಕೈಕೊಡುತ್ತವೆ.

ಬೀಜದ ಲೆಕ್ಕ ಮೊದಲು. ಪೊಟ್ಟಣಕ್ಕೆ ಅರ್ಧ ಗ್ರಾಂ. ಕರಬೂಜ ಜಾತಿಯ ಬೀಜ ಗ್ರಾಂಗೆ ಹೆಚ್ಚುಕಮ್ಮಿ 30–40 ಬರುವುದರಿಂದ ಅರ್ಧ ಗ್ರಾಂ ಎಂದರೆ ಹದಿನೈದರಿಂದ ಇಪ್ಪತ್ತು. ಹಿತ್ತಲಿಗೆ ಧಾರಾಳವಾಯಿತು. ಆದರೆ ಪೊಟ್ಟಣದ ಮೇಲೆ ಬೀಜ ತೆಗೆದ ತಿಂಗಳಾಗಲಿ, ಕಟ್ಟಿದ ತಾರೀಖಾಗಲಿ ಇಲ್ಲ. ಮಲೆನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ. ಒಂದು ಮಳೆಗಾಲವನ್ನು ಅಂಗಡಿಯ ಕಪಾಟಿನಲ್ಲಿ ಕಳೆದ ಬೀಜಕ್ಕೂ ಹೊಸ ಬೀಜಕ್ಕೂ ಮೊಳಕೆಯಲ್ಲಿ ಅಜಗಜಾಂತರ. ಹತ್ತು ಹತ್ತು ಬೀಜ ಹಾಕಿದಾಗ ಇಬ್ಬಡ್ಲ 9, ಕಜರಿ 8, ಶುಗರ್ ಬೇಬಿ 8 ಎದ್ದವು; ಶರಾಂತೇ ನಾಲ್ಕಕ್ಕೇ ನಿಂತಿತು.

‘ನಾಟಿ’ ಎಂಬ ಮಾತಿಗೂ ಒಂದು ತಕರಾರಿದೆ. ಶುಗರ್ ಬೇಬಿ 1950ರ ದಶಕದಲ್ಲಿ ಅಮೆರಿಕದ ಓಕ್ಲಹೋಮಾದಿಂದ ಬಂದ ತಳಿ, ಶರಾಂತೇ ಫ್ರಾನ್ಸಿನದು. ಹೈಬ್ರಿಡ್ ಅಲ್ಲ, ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಬಹುದು ಎಂಬ ಅರ್ಥದಲ್ಲಿ ಸರಿ. ನಮ್ಮ ಕಡೆಯ ನಾಟಿ ಎಂದರೆ ಇಬ್ಬಡ್ಲ ಒಂದೇ: ಕೆಕ್ಕರಿಕೆ ಎಂದು ಕರೆಯುವುದೂ ಇದನ್ನೇ, ಕೊಂಕಣಿಯವರ ಚಿಬ್ಬಡವೂ ಇದೇ.

ಚೀಟಿಯಲ್ಲಿ ಬಿತ್ತನೆ ಕಾಲ ‘ಜೂನ್–ಜುಲೈ ಅಥವಾ ಫೆಬ್ರವರಿ–ಮಾರ್ಚ್’ ಎಂದಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಲ್ಲಿ ಕರಬೂಜ ಬಿತ್ತಿದರೆ ಬೀಜವನ್ನು ಹೊಳೆಗೆ ಬಿಟ್ಟಂತೆ. ಫೆಬ್ರವರಿ ಕೊನೆಗೆ ಬಿತ್ತಿದರೂ ಹಣ್ಣು ಬಲಿಯುವ ಹೊತ್ತಿಗೆ ಮೇ ತಿಂಗಳ ಕೃತ್ತಿಕೆ ಮಳೆ ಹಿಡಿದಿರುತ್ತದೆ. ನೀರು ಕುಡಿದ ಹಣ್ಣು ಸಪ್ಪೆಯಾಗಿ ಒಡೆಯುತ್ತದೆ. ಇಲ್ಲಿಯ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಏಪ್ರಿಲ್ ಕೊನೆಯ ಭರಣಿ ಮಳೆಗೆ ಮುಂಚೆ ಕೊನೆಯ ಹಣ್ಣು ಮನೆ ಸೇರಬೇಕು. ಬಿತ್ತನೆಯಿಂದ ಕೊಯ್ಲಿಗೆ 80–90 ದಿನ ಹಿಡಿದರೆ, ಡಿಸೆಂಬರ್ ಕೊನೆಯ ವಾರದಿಂದ ಜನವರಿ 15ರ ಒಳಗೆ ಬೀಜ ಮಣ್ಣಿನಲ್ಲಿರಬೇಕು.

ತೊಡಕು ಇರುವುದು ಅಲ್ಲೇ, ಆಗ ಚಳಿ. ಕರಬೂಜ ಬೀಜಕ್ಕೆ 25–32 ಡಿಗ್ರಿ ಬಿಸಿ ಬೇಕು, ತಣ್ಣನೆಯ ಮಣ್ಣಿನಲ್ಲಿ ಕೊಳೆಯುತ್ತದೆ. ಬೀಜವನ್ನು ಎಂಟು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಚ್ಚಲ ಹಂಡೆ ಒಲೆಯ ಪಕ್ಕದ ಗೂಡಿನಲ್ಲಿಡಿ. ಕೈಯಿಟ್ಟರೆ ಬೆಚ್ಚಗಿರಬೇಕು, ಬಿಸಿ ತಾಗಬಾರದು. ಮೂರು–ನಾಲ್ಕು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಆಗ ಒಂದೊಂದನ್ನೇ ಹಾಳೆ ದೊನ್ನೆಗೋ ಕಾಗದದ ಲೋಟಕ್ಕೋ ಅರ್ಧ ಇಂಚು ಆಳಕ್ಕೆ, ಮೊಳಕೆ ಕೆಳಮುಖವಾಗಿ ಇಡಬೇಕು. ಜೋಡಿ ಬೀಜದೆಲೆಯ ನಂತರ ಒಂದು ನಿಜವಾದ ಎಲೆ ಬಂದು ಎರಡನೆಯದು ಚಿಗುರುವಾಗಲೇ, ಅಂದರೆ 12–15 ದಿನಕ್ಕೆ, ಬೇರಿನ ಮಣ್ಣು ಸಡಿಲವಾಗದಂತೆ ಗುಂಡಿಗೆ ಇಳಿಸಿ. ನಾಲ್ಕೆಲೆ ಆಗಲಿ ಎಂದು ಕಾದರೆ ಬೇರು ಲೋಟದೊಳಗೆ ಸುತ್ತಿಕೊಂಡು, ನೆಟ್ಟ ಮೇಲೆ ಬಳ್ಳಿ ಎರಡು ವಾರ ಮುನಿಸಿಕೊಂಡು ಕೂರುತ್ತದೆ.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮಳೆಗೆ ತೊಳೆದ ನಮ್ಮ ಕೆಂಪು ಮಣ್ಣು ಹುಳಿ. ಕರಬೂಜ ಬಯಸುವುದು ರಸಸಾರ (ಪಿಎಚ್) 6ರಿಂದ 6.8. ಗುಂಡಿಗೆ ಒಂದು ಹಿಡಿ, ಸುಮಾರು 100 ಗ್ರಾಂ, ಕೃಷಿ ಸುಣ್ಣ ಬೆರೆಸಿ ಮೂರು ವಾರ ಬಿಡಿ. ಆಮೇಲೆ ನಾಲ್ಕೈದು ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ. ಸುಣ್ಣವನ್ನೂ ಹಸಿ ಗೊಬ್ಬರವನ್ನೂ ಒಂದೇ ದಿನ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಕಿಟ್‌ನ ಅರ್ಧ ಕೆ.ಜಿ. ಹಿಂಡಿ ಎರಡೂವರೆ ಗುಂಡಿಗೆ ಮುಗಿಯಿತು. ಚೀಟಿಯ ಮೂರಡಿ ಅಂತರವೂ ಸಾಲದು: ಸಾಲಿನಿಂದ ಸಾಲಿಗೆ ಆರಡಿ ಬಿಡದಿದ್ದರೆ ಜನವರಿಯ ಇಬ್ಬನಿ ಹತ್ತು ಗಂಟೆಯಾದರೂ ಎಲೆಯಿಂದ ಆರುವುದಿಲ್ಲ, ಬೂಜು ತುಪ್ಪಟ ರೋಗ ಬಂದೇ ಬರುತ್ತದೆ. ಎಲೆಯ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಚುಕ್ಕೆ, ಅಡಿಯಲ್ಲಿ ಬೂದು ಬೂಜು. ಮೊದಲ ಬಲಿ ಶರಾಂತೇ. ಫೆಬ್ರವರಿ ಹೊತ್ತಿಗೆ ಅದರ ಬುಡದ ಎಲೆಗಳೆಲ್ಲ ಕರಟಿದ್ದವು. ಇಬ್ಬಡ್ಲದ ಮೇಲೂ ಚುಕ್ಕೆ ಬಂತು, ಬಳ್ಳಿ ಲೆಕ್ಕಿಸಲಿಲ್ಲ. ನೀರನ್ನು ಬುಡಕ್ಕೇ ಹಾಕಿ, ಎಲೆಗಲ್ಲ. ಎರಡು–ಮೂರು ದಿನಕ್ಕೊಮ್ಮೆ ಗುಂಡಿಗೆ ಐದು ಲೀಟರ್, ಮೇಲೆ ದರಕಿನ (ಒಣ ಎಲೆಯ) ಹೊದಿಕೆ. ಹಣ್ಣು ಬಣ್ಣ ತಿರುಗುವ ಮುಂಚಿನ ವಾರದಿಂದ ನೀರು ಅರ್ಧಕ್ಕೆ ಇಳಿಸಿದರೆ ಸಿಹಿ ಕೂಡುತ್ತದೆ.

ಕುಡಿ ಚಿವುಟುವ ವಿಷಯದಲ್ಲಿ ಚೀಟಿ ನಾಲ್ಕಕ್ಕೂ ಒಂದೇ ಮಾತು ಹೇಳುತ್ತದೆ, ಅದು ತಪ್ಪು. ಇಬ್ಬಡ್ಲ, ಕಜರಿ, ಶರಾಂತೇ ಕಾಯಿ ಕಚ್ಚುವುದು ಕವಲು ಬಳ್ಳಿಯಲ್ಲಿ. ಐದನೆಯ ಎಲೆಗೆ ಮುಖ್ಯ ಕುಡಿ ಚಿವುಟಿದರೆ ಕವಲು ಬೇಗ ಬರುತ್ತದೆ. ಕಲ್ಲಂಗಡಿ ಕಾಯಿ ಬಿಡುವುದು ಮುಖ್ಯ ಬಳ್ಳಿಯಲ್ಲೇ, ಅದನ್ನು ಚಿವುಟಬಾರದು. ಮೊದಲ ಹತ್ತು ದಿನ ಬರೀ ಗಂಡು ಹೂವು ಬಿದ್ದರೆ ಗಾಬರಿ ಬೇಡ, ಅದು ಕ್ರಮ. ಜೇನು ಕಡಿಮೆಯಾದ ಹಿತ್ತಲಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಗಂಡು ಹೂವಿನ ಎಸಳು ಬಿಡಿಸಿ, ಹೀಚು ಇರುವ ಹೂವಿನ ನಡುವಿಗೆ ಸವರಿದರಾಯಿತು.

ಇನ್ನು ಬಲೆ. ಕಿಟ್‌ನಲ್ಲಿ ಅತಿ ಬೇಜಾರು ತರಿಸಿದ ವಸ್ತು ಇದೇ. ಬಲೆಯೊಳಗಿನ ಮರದ ಚೂರಿಗೆ ಹಚ್ಚಿದ್ದು ಮೀಥೈಲ್ ಯೂಜಿನಾಲ್; ಅದು ಮಾವಿನ ಹಣ್ಣು ನೊಣದ ಗಂಡನ್ನು ಸೆಳೆಯುವ ಮದ್ದು. ಬಳ್ಳಿ ತರಕಾರಿಯನ್ನು ಕಾಡುವ ನೊಣವೇ ಬೇರೆ, ಅದು ಬರುವುದು ಕ್ಯೂ ಲೂರ್ ಎಂಬ ಇನ್ನೊಂದು ಮದ್ದಿಗೆ. ಬಲೆ ತುಂಬ ನೊಣ ಬಿದ್ದವು ಎಂದು ಖುಷಿಪಟ್ಟರೆ, ಅವು ಪಕ್ಕದ ಮಾವಿನ ಮರದವು! ಗೊಬ್ಬರದ ಅಂಗಡಿಯಲ್ಲಿ ‘ತರಕಾರಿಯ ಹಣ್ಣು ನೊಣಕ್ಕೆ’ ಎಂದು ಕೇಳಿ ಕ್ಯೂ ಲೂರ್ ಬಿಲ್ಲೆ ತಂದು ಅದೇ ಡಬ್ಬಿಗೆ ಹಾಕಿದರೆ ಕೆಲಸ ನಡೆಯುತ್ತದೆ. ಆದರೂ ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಮೊಟ್ಟೆಯಿಡುವ ಹೆಣ್ಣಿನಿಂದ ಕಾಯಿ ಉಳಿಸಲು ಹೀಚು ನಿಂಬೆ ಗಾತ್ರಕ್ಕೆ ಬಂದಾಗಲೇ ಹಳೆ ಪಂಚೆಯ ಚೀಲ ಕಟ್ಟಬೇಕು. ಎಳೆ ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ತೂತು, ಅದರಲ್ಲಿ ಅಂಟಿನ ಹನಿ ಕಂಡರೆ ಅದು ಹೋದಂತೆಯೇ. ಕಿತ್ತು ಗೊಬ್ಬರಗುಂಡಿಗೆ ಎಸೆಯಬೇಡಿ, ಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ.

ಮಾರ್ಚ್‌ನ ಬೂದಿ ರೋಗಕ್ಕೆ ಚೀಟಿ ಗಂಧಕ ಹೇಳುತ್ತದೆ. ಆ ಬಿಸಿಲಿನಲ್ಲಿ ಗಂಧಕ ಕರಬೂಜದ ಎಲೆ ಸುಡುವ ಅಪಾಯವಿದೆ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ರೋಗ ಕಾಣಿಸಿಕೊಂಡ ಮೊದಲ ವಾರದಲ್ಲೇ ಸಿಂಪಡಿಸುವುದು ವಾಸಿ. ತಡವಾದರೆ ಹಾಲು ದಂಡ.

ಈಗ ಹಣ್ಣಿನ ಮಾತು. ಕಜರಿ ನೋಡಲೇ ಚಂದ: ಹಸಿರು ಪಟ್ಟೆಗಳ ನಡುವಿನ ಮೈ ಬಲಿತಾಗ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕೊಯ್ಯುವ ಹದ ತಿಳಿಯಲು ಬೇರೆ ಗುರುತೇ ಬೇಡ. ಒಳಗೆ ತಿಳಿ ಹಸಿರು ತಿರುಳು, ಒಳ್ಳೆಯ ಸಿಹಿ, ಬಳ್ಳಿಗೆ ಮೂರು–ನಾಲ್ಕು ಹಣ್ಣು. ಆ ಬಣ್ಣ ಮಂಗನಿಗೂ ಪಿಕಳಾರಕ್ಕೂ ಕಾಣುತ್ತದೆ ಎಂಬುದೇ ತಲೆನೋವು. ಬಣ್ಣ ತಿರುಗುವ ಮುಂಚೆಯೇ ಅಡಿಕೆ ಹಾಳೆಯೊಂದನ್ನು ಕಾಯಿಯ ಅಡಿಗೆ ಇಟ್ಟು, ಇನ್ನೊಂದನ್ನು ಮೇಲೆ ಕವುಚಿ ಬಾಳೆ ನಾರಿನಲ್ಲಿ ಕಟ್ಟಿದರೆ ಹಕ್ಕಿಯ ಕಾಟ ತಪ್ಪುತ್ತದೆ, ಅಡಿ ಕೊಳೆಯುವುದೂ ಇಲ್ಲ. ಮಂಗನಿಗೆ ಹಾಳೆ ಬಿಚ್ಚುವುದು ಎರಡು ನಿಮಿಷದ ಕೆಲಸ.

ಶರಾಂತೇ ಮಾಗಿದರೂ ತೊಟ್ಟು ತಾನಾಗಿ ಬಿಡುವುದಿಲ್ಲ. ಕಾಯಿಯ ಪಕ್ಕದ ಎಲೆ ಬಿಳಿಚಿದಾಗ ಕೊಯ್ಯಬೇಕು. ನಾಲ್ಕು ಬಳ್ಳಿಗೆ ಒಂದೇ ಹಣ್ಣು ದಕ್ಕಿತು. ಪರಿಮಳ ಅದ್ಭುತ, ಆದರೆ ಅಷ್ಟಕ್ಕೇ ಮೂರು ತಿಂಗಳು ಯಾರು ಕಾಯುತ್ತಾರೆ? ಶುಗರ್ ಬೇಬಿ ಚೆನ್ನಾಗಿಯೇ ಬಂತು, ಆದರೆ ಹಿತ್ತಲಿನ ಅರ್ಧ ಜಾಗ ನುಂಗಿ ಬಳ್ಳಿಗೆ ಒಂದೋ ಎರಡೋ ಕಾಯಿ. ಅದರ ಬೀಜ ಎಲ್ಲಿ ಬೇಕಾದರೂ ಸಿಗುತ್ತದೆ.

ಇಬ್ಬಡ್ಲವನ್ನು ಕರಬೂಜದ ಸಿಹಿ ನಿರೀಕ್ಷಿಸಿ ಕತ್ತರಿಸುವವರಿಗೆ ನಿರಾಸೆ ಖಂಡಿತ. ತಿರುಳು ಹಿಟ್ಟು ಹಿಟ್ಟು, ಸಿಹಿ ನಾಮಮಾತ್ರ. ಅದರ ಜಾಗ ರಸಾಯನದಲ್ಲಿ: ಚಮಚೆಯಲ್ಲಿ ಕೆರೆದ ತಿರುಳು, ಬೆಲ್ಲ, ತೆಂಗಿನ ಹಾಲು, ಎರಡು ಏಲಕ್ಕಿ. ಮೈ ಹಳದಿಯಾಗಿ ಪರಿಮಳ ಬಂದ ಕೂಡಲೇ ಬಾಳೆ ಪಟ್ಟೆ ಸುತ್ತಿ ಕಟ್ಟದಿದ್ದರೆ ಬಳ್ಳಿಯಲ್ಲೇ ಬಿರಿದು ಇರುವೆಯ ಪಾಲು. ಮೊದಲ ಬಿರುಕು ಕಂಡ ಬೆಳಿಗ್ಗೆ ಕೊಯ್ದು ಅಂದೇ ತಿನ್ನಬೇಕು, ನಾಳೆಗೆ ಉಳಿಯುವ ಹಣ್ಣಲ್ಲ.

ಆದರೆ ಇಬ್ಬಡ್ಲದ ಆರು ಬಳ್ಳಿಗಳಲ್ಲಿ ಎರಡು ದಾರಿ ತಪ್ಪಿದ್ದವು: ಕಾಯಿ ಗಟ್ಟಿ, ಬಿರಿಯುವುದಿಲ್ಲ, ತಿರುಳು ಹುಳಿ. ಮಾರಿದವರನ್ನು ಕೇಳಿದರೆ “ನಾಟಿ ಬೀಜ ಸರ್, ಸ್ವಲ್ಪ ಹಂಗೇ ಬರುತ್ತೆ” ಎಂಬ ಉತ್ತರ. ಹಂಗೆ ಬರುವುದಿಲ್ಲ, ಬೆರಕೆಯಾದರೆ ಮಾತ್ರ ಬರುತ್ತದೆ. ಇಬ್ಬಡ್ಲ, ಕಜರಿ, ಸಾಂಬಾರಿನ ಮೊಗೆಕಾಯಿ ಮೂರೂ ಒಂದೇ ಜಾತಿ, ಕುಕುಮಿಸ್ ಮೆಲೊ; ಜೇನಿಗೆ ಭೇದವಿಲ್ಲ. ಮುಳ್ಳುಸೌತೆ ಮತ್ತು ಕಲ್ಲಂಗಡಿ ಬೇರೆ ಜಾತಿ, ಅವು ಕೂಡುವುದಿಲ್ಲ. ಪಕ್ಕದಲ್ಲಿ ಮೊಗೆ ಇದ್ದದ್ದಕ್ಕೆ ಈ ವರ್ಷದ ಹಣ್ಣು ಸಪ್ಪೆಯಾಯಿತು ಎನ್ನುವುದೂ ಸುಳ್ಳು. ಬೆರಕೆ ಕಾಣಿಸುವುದು ಆ ಹಣ್ಣಿನ ಬೀಜ ಬಿತ್ತಿದ ಮುಂದಿನ ವರ್ಷ. ಹಣ್ಣು ಕಹಿ ಬಂದರೆ ಮಾತ್ರ ಬಾಯಿಗಿಟ್ಟದ್ದನ್ನು ಉಗುಳಿ, ಆ ಬಳ್ಳಿಯನ್ನೇ ಕಿತ್ತುಬಿಡಿ. ಆ ಕಹಿ ಹೊಟ್ಟೆ ಕೆಡಿಸುವಂಥದ್ದು.

ಶುದ್ಧ ಬೀಜ ಬೇಕಾದರೆ, ನಾಳೆ ಅರಳುವ ಗಂಡು ಮೊಗ್ಗು ಮತ್ತು ಹೀಚಿನ ಮೊಗ್ಗು ಎರಡರ ತುದಿಗೂ ಹಿಂದಿನ ಸಂಜೆಯೇ ದಾರ ಕಟ್ಟಿ. ಬೆಳಿಗ್ಗೆ ಬಿಚ್ಚಿ ಕೈಯಾರೆ ಪರಾಗ ಮುಟ್ಟಿಸಿ, ಹೀಚಿನ ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರದ ಗುರುತು ಹಾಕಿ. ಪೂರ್ತಿ ಮಾಗಿದ ಆ ಹಣ್ಣಿನ ಬೀಜ ತೊಳೆದು, ನೀರಿನಲ್ಲಿ ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ವಾರ ಒಣಗಿಸಿ. ಬಾಟಲಿಯ ತಳಕ್ಕೆ ಹುರಿದು ಆರಿಸಿದ ಅಕ್ಕಿಯ ಗಂಟು ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಆಷಾಢದ ತೇವ ತಾಗುವುದಿಲ್ಲ.

ಪೊಟ್ಟಣ ಬಿಡಿಯಾಗಿ ಕೊಡುತ್ತಾರೆಯೇ ಕೇಳಿ. ಕೊಟ್ಟರೆ ಕಜರಿ ಒಂದನ್ನು ತನ್ನಿ. ಇಬ್ಬಡ್ಲಕ್ಕೆ ದುಡ್ಡು ಕೊಡುವ ಮುಂಚೆ ಊರೊಳಗೆ ಒಂದು ಸುತ್ತು ವಿಚಾರಿಸುವುದು ಲೇಸು. ಸಗಣಿ–ಬೂದಿಯಲ್ಲಿ ಕಲಸಿ ಕೊಟ್ಟಿಗೆಯ ಗೋಡೆಗೆ ಮೆತ್ತಿದ ಬೀಜ ಯಾರದೋ ಮನೆಯಲ್ಲಿ ಇನ್ನೂ ಇದ್ದರೂ ಇದ್ದೀತು, ಅದಕ್ಕೆ ತಾರೀಖೂ ಅವರ ಬಾಯಲ್ಲೇ ಸಿಗುತ್ತದೆ.