ಗುಡ್ಡದಂಥ ಮನುಷ್ಯ, ಹನ್ನೊಂದು ಚಿತ್ರ: ಚಾಪ್ಲಿನ್ ಮ್ಯೂಚುವಲ್ ಡಿಸ್ಕ್ ಪೆಟ್ಟಿಗೆ

ಈ ಪೆಟ್ಟಿಗೆಯನ್ನು ನಾನು ಕೊಂಡದ್ದು ಚಾಪ್ಲಿನ್‌ಗಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೈಯಬೇಡಿ. ಹವ್ಯಾಸಿ ನಾಟಕಗಳಲ್ಲಿ ನನಗೆ ಸಿಕ್ಕಿದ್ದೆಲ್ಲ ಕೀಚಕ, ಬಕಾಸುರ, ಇಲ್ಲವೇ ಬಾಗಿಲಿಗೆ ಅಡ್ಡ ನಿಲ್ಲುವ ಪೈಲ್ವಾನ. ಇಷ್ಟು ದೊಡ್ಡ ದೇಹ ಇಟ್ಟುಕೊಂಡವನಿಗೆ ಯಾವ ನಿರ್ದೇಶಕನೂ ದುಷ್ಯಂತನ ಪಾತ್ರ ಕೊಡುವುದಿಲ್ಲ. ಹಾಗಾಗಿ ಚಾಪ್ಲಿನ್ ಚಿತ್ರ ನೋಡುವಾಗಲೆಲ್ಲ ನನ್ನ ಕಣ್ಣು ಅವನ ಹಿಂದೆ ನಿಂತ ಆ ಗುಡ್ಡದ ಮೇಲೇ ಇರುತ್ತದೆ. ಹೆಸರು ಎರಿಕ್ ಕ್ಯಾಂಪ್‌ಬೆಲ್. ಎತ್ತರ 6 ಅಡಿ 5 ಅಂಗುಲ, ತೂಕ 300 ಪೌಂಡಿನ ಆಸುಪಾಸು.

ಪೆಟ್ಟಿಗೆಯಲ್ಲಿರುವುದು ಚಾಪ್ಲಿನ್ 1916-17ರಲ್ಲಿ ಮ್ಯೂಚುವಲ್ ಕಂಪನಿಗೆ ಮಾಡಿಕೊಟ್ಟ ಹನ್ನೆರಡು ಕಿರುಚಿತ್ರಗಳು. ವಾರಕ್ಕೆ 10,000 ಡಾಲರ್ ಸಂಬಳ, ಜೊತೆಗೆ 1,50,000 ಡಾಲರ್ ಬೋನಸ್ ಪಡೆದು ಮಾಡಿದವು. ಹನ್ನೆರಡರಲ್ಲಿ ಹನ್ನೊಂದರಲ್ಲಿ ಕ್ಯಾಂಪ್‌ಬೆಲ್ ಇದ್ದಾನೆ. ಮೊದಲನೆಯದು 1916ರ ಮೇನಲ್ಲಿ ತೆರೆಕಂಡಿತು, ಕೊನೆಯದು 1917ರ ಅಕ್ಟೋಬರ್‌ನಲ್ಲಿ. ಡಿಸೆಂಬರ್ 20ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಕಾರು ಅಪಘಾತವಾಗಿ ಆತ ಹೋಗಿಬಿಟ್ಟ, ವಯಸ್ಸು 37. ಅಂದರೆ ಒಬ್ಬ ನಟನ ತೆರೆಯ ಬದುಕು ಹೆಚ್ಚುಕಡಿಮೆ ಇಡಿಯಾಗಿ ಈ ಒಂದು ಡಬ್ಬಿಯೊಳಗೇ ಇದೆ. ತಗಡಿನ ಡಬ್ಬಿ. ಕೊರಿಯರಿನವರ ಕೃಪೆಯಿಂದ ನನ್ನದರ ಒಂದು ಮೂಲೆ ಚಪ್ಪಟೆಯಾಗಿ ಬಂತು, ಕ್ಯಾಂಪ್‌ಬೆಲ್ ಕೈಗೇ ಸಿಕ್ಕಿತ್ತೇನೋ ಎಂಬಂತೆ. ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ.

ಚಿತ್ರಗಳನ್ನು ದುರಸ್ತಿ ಮಾಡಿದ್ದು ಪ್ಯಾರಿಸ್ಸಿನ ಲಾಬ್‌ಸ್ಟರ್ ಫಿಲ್ಮ್ಸ್ ಮತ್ತು ಇಟಲಿಯ ಬೊಲೋನ್ಯಾ ಸಿನೆಮಾ ಸಂಗ್ರಹಾಲಯ. ಕೆಲಸ ಅಚ್ಚುಕಟ್ಟಾಗಿದೆ ಅಂದರೆ ಕಡಿಮೆ ಹೇಳಿದಂತೆ. ನಾನು ಹಿಂದೆ ನೋಡಿದ್ದ ಪ್ರತಿಗಳಲ್ಲಿ ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಓಡುತ್ತಿದ್ದರು. ವೇಗ ಹೆಚ್ಚಾದಾಗ ಚಾಪ್ಲಿನ್ ಹೇಗೋ ಬಚಾವಾಗುತ್ತಾನೆ, ದಪ್ಪ ಮನುಷ್ಯ ಸತ್ತೇ ಹೋಗುತ್ತಾನೆ. ಅವನ ತೂಕವೇ ಹಾರಿಹೋಗಿ ಗಾಳಿ ತುಂಬಿದ ಬಲೂನಾಗುತ್ತಾನೆ. ಇಲ್ಲಿ ವೇಗ ಸರಿಯಾಗಿದೆ. ಕ್ಯಾಂಪ್‌ಬೆಲ್ ಒಂದು ಹೆಜ್ಜೆ ಇಟ್ಟರೆ ನೆಲಕ್ಕೆ ಭಾರ ಬಿದ್ದದ್ದು ಗೊತ್ತಾಗುತ್ತದೆ. ಅವನ ಮೇಕಪ್ಪೂ ಈಗ ನಿಚ್ಚಳ: ಬಣ್ಣದ ವೇಷದವರಂತೆ ಕಣ್ಣಿನ ಸುತ್ತ ಕಪ್ಪು, ಹಣೆಗೆ ಹಾರಿದ ಹುಬ್ಬು.

‘ದಿ ಇಮಿಗ್ರಂಟ್’ನ ಹೋಟೆಲ್ ದೃಶ್ಯವನ್ನು ನಾನು ಈ ವಾರದಲ್ಲೇ ಐದು ಸಲ ನೋಡಿದೆ. ಹತ್ತು ಸೆಂಟ್ ಕಡಿಮೆ ಕೊಟ್ಟ ಗಿರಾಕಿಯೊಬ್ಬನನ್ನು ವೇಟರುಗಳೆಲ್ಲ ಸೇರಿ ಬಡಿದು ಆಚೆ ಎಸೆಯುತ್ತಾರೆ. ಚಾರ್ಲಿ ಮೆಲ್ಲಗೆ ಜೇಬು ತಡಕುತ್ತಾನೆ. ಬೀದಿಯಲ್ಲಿ ಸಿಕ್ಕ ಅವನ ನಾಣ್ಯ ಜೇಬಿನ ತೂತಿನಿಂದ ಎಂದೋ ಜಾರಿಹೋಗಿದೆ. ಅದು ಸುತ್ತಿ ಬಳಸಿ ಮತ್ತೆ ಸಿಕ್ಕಿ, ಬಿಲ್ಲಿಗೆ ಕೊಟ್ಟರೆ, ಹೆಡ್ ವೇಟರ್ ಕ್ಯಾಂಪ್‌ಬೆಲ್ ಅದನ್ನು ಹಲ್ಲಿಗಿಟ್ಟು ಕಚ್ಚುತ್ತಾನೆ. ನಾಣ್ಯ ಬಗ್ಗುತ್ತದೆ. ಖೋಟಾ! ಆಗ ಅವನು ಏನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತಾನೆ. ಆ ನೋಟಕ್ಕೇ ನನ್ನ ದುಡ್ಡು ವಸೂಲಾಯಿತು. ಈ ವೇಟರ್ ಪಾತ್ರವನ್ನು ಮೊದಲು ಮಾಡಿದ್ದು ಹೆನ್ರಿ ಬರ್ಗ್‌ಮನ್. ಬರ್ಗ್‌ಮನ್‌ಗೂ ಮೈಕಟ್ಟು ಕಡಿಮೆಯಿರಲಿಲ್ಲ, ಆದರೆ ಭಯ ಹುಟ್ಟುವ ಮುಖವಲ್ಲ ಅದು. ಚಾಪ್ಲಿನ್ ಅಷ್ಟನ್ನೂ ಬಿಸಾಕಿ ಕ್ಯಾಂಪ್‌ಬೆಲ್‌ನನ್ನು ಹಾಕಿ ಮತ್ತೆ ಚಿತ್ರೀಕರಿಸಿದ. ಹೆದರಿಕೆ ನಿಜವಾಗಿರದಿದ್ದರೆ ಆ ತೂತು ಜೇಬಿಗೆ ಯಾರು ನಗುತ್ತಾರೆ?

‘ಈಸಿ ಸ್ಟ್ರೀಟ್’ನದು ಇನ್ನೊಂದು ಬಗೆ. ಗಡ್ಡ ಇಲ್ಲದ ಬೀದಿ ರೌಡಿ. ಹೊಸ ಪೇದೆ ಚಾರ್ಲಿ ಲಾಠಿಯಿಂದ ತಲೆಗೆ ಬಿಗಿದರೂ ಇವನಿಗೆ ನೊಣ ಕೂತಷ್ಟೂ ಅಲ್ಲ. ತನ್ನ ಬಲ ತೋರಿಸಲು ಗ್ಯಾಸ್ ದೀಪದ ಕಂಬವನ್ನೇ ಬಗ್ಗಿಸುತ್ತಾನೆ. ಅದೇ ತಪ್ಪಾಯಿತು: ಚಾರ್ಲಿ ಬೆನ್ನಿಗೆ ಹಾರಿ, ದೀಪದ ಬುರುಡೆಯನ್ನು ಅವನ ತಲೆಗೆ ತೊಡಿಸಿ ಗ್ಯಾಸ್ ಬಿಡುತ್ತಾನೆ, ಡಾಕ್ಟರರಂತೆ ನಾಡಿ ಹಿಡಿದು ಇನ್ನೊಂದಿಷ್ಟು ಬಿಡುತ್ತಾನೆ. ಕುಸಿಯುವಾಗ ಕ್ಯಾಂಪ್‌ಬೆಲ್‌ನ ಮೊಣಕಾಲು ಗಮನಿಸಿ. ಬೀಳುವುದು ಸುಲಭ, ಅಷ್ಟು ದೊಡ್ಡ ದೇಹವನ್ನು ಹಂತಹಂತವಾಗಿ ಇಳಿಸುವುದು ಎಷ್ಟು ಕಷ್ಟ ಎಂದು ನನ್ನ ಸೊಂಟಕ್ಕೆ ಗೊತ್ತು.

ಉಳಿದವುಗಳಲ್ಲಿ ‘ದಿ ಕ್ಯೂರ್’ ಒಳ್ಳೆಯದು, ಗೌಟ್ ಎಂಬ ಕೀಲುಬೇನೆ ಹಿಡಿದ ಕ್ಯಾಂಪ್‌ಬೆಲ್‌ನ ಬ್ಯಾಂಡೇಜ್ ಕಾಲು ಸುತ್ತುಬಾಗಿಲಿಗೆ ಸಿಕ್ಕಿಕೊಳ್ಳುವ ಚಿತ್ರ. ‘ದಿ ಕೌಂಟ್’ ಸುಮಾರು. ಕ್ಯಾಂಪ್‌ಬೆಲ್ ಇಲ್ಲದ ‘ಒನ್ ಎ.ಎಂ.’ನಲ್ಲಿ ಚಾಪ್ಲಿನ್ ಒಬ್ಬನೇ ಕುಡಿದು ಮನೆಯ ಸಾಮಾನುಗಳ ಜೊತೆ ಗುದ್ದಾಡುತ್ತಾನೆ. ಪಂಡಿತರು ಬಹಳ ಹೊಗಳುತ್ತಾರೆ. ನನಗೆ ಅರ್ಧಕ್ಕೇ ಆಕಳಿಕೆ ಬಂತು. ಮಂಚ ಎಷ್ಟು ಒದ್ದರೂ ಅದಕ್ಕೆ ಸಿಟ್ಟು ಬರುವುದಿಲ್ಲವಲ್ಲ.

ಹಿನ್ನೆಲೆ ಸಂಗೀತದ ಬಗ್ಗೆ ಒಂದು ತಕರಾರು: ಕೆಲವೆಡೆ ಒದೆ ಬೀಳುವ ಮೊದಲೇ ವಾದ್ಯಗಳು ನಕ್ಕುಬಿಡುತ್ತವೆ. ಅಂಥಲ್ಲಿ ನಾನು ದನಿ ಪೂರ್ತಿ ಇಳಿಸಿ ನೋಡಿದೆ.

ಜೊತೆಗೆ ಕೊಟ್ಟಿರುವ ‘ಚಾಪ್ಲಿನ್ಸ್ ಗೋಲಿಯಾತ್’ ಎಂಬ 1996ರ ಸಾಕ್ಷ್ಯಚಿತ್ರವನ್ನು ತಪ್ಪಿಸಬೇಡಿ, ಆದರೆ ಎಲ್ಲಕ್ಕಿಂತ ಕೊನೆಗೆ ನೋಡಿ. ಇಂಗ್ಲೆಂಡಿನ ಫ್ರೆಡ್ ಕಾರ್ನೋ ಹಾಸ್ಯನಾಟಕ ತಂಡದಲ್ಲಿ ಪಳಗಿದ ಕ್ಯಾಂಪ್‌ಬೆಲ್ ಅಮೆರಿಕದಲ್ಲಿ ಹೆಸರು ಮಾಡುತ್ತಿದ್ದಂತೆಯೇ, 1917ರ ಬೇಸಿಗೆಯಲ್ಲಿ ಹೆಂಡತಿ ತೀರಿಕೊಂಡಳು. ಬೇಗನೇ ಮತ್ತೊಂದು ಮದುವೆ, ಅದೂ ಮುರಿಯಿತು. ಅಪಘಾತದ ನಂತರ ಅವನ ಬೂದಿಯನ್ನು ಒಯ್ಯಲು ಯಾರೂ ಬರಲಿಲ್ಲ. ಮಣ್ಣು ಸೇರಿದ್ದು 1952ರಲ್ಲಿ. ಇದನ್ನು ಮೊದಲೇ ನೋಡಿದರೆ ಆ ವೇಟರನನ್ನು ಕಂಡು ಹೆದರಲಾಗುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಸಂಗೀತಕ್ಕೆ ಕಳೆದದ್ದು. ನಮ್ಮ ತಂಡದ ನಿರ್ದೇಶಕರಿಗೆ ಡಬ್ಬಿಯನ್ನು ಎರವಲು ಕೊಟ್ಟಿದ್ದೇನೆ. ಮುಂದಿನ ನಾಟಕದಲ್ಲೂ ನನಗೆ ಬಕಾಸುರನೇ ಅಂತೆ. ಈ ಸಲ ಗೊಣಗಲಿಲ್ಲ, ಹುಬ್ಬು ಮಾತ್ರ ನಾನೇ ಬರೆದುಕೊಳ್ಳುತ್ತೇನೆ ಎಂದೆ.