ಥರ್ಮೋಸ್ಟಾಟ್ ಒಳ್ಳೇದೇ, ಸೆನ್ಸರ್ ಮಾತ್ರ ನೀವೇ ಕಟ್ಟಿಕೊಳ್ಳಿ (14 ತಿಂಗಳ ಬಳಕೆ)

ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ, ಮನೇಲಿ ರೇಷ್ಮೆ. ನಾನು ಸಾಕಿರೋದು ಒಂದು ಬಿಯರ್ಡೆಡ್ ಡ್ರ್ಯಾಗನ್. ಅಪ್ಪನ ಬಾಯಲ್ಲಿ ಅದು ಇವತ್ತಿಗೂ ‘ಓತಿಕ್ಯಾತ’. ತಪ್ಪೇನಿಲ್ಲ, ಎರಡೂ ಒಂದೇ ಕುಟುಂಬದವು, ಇದು ಆಸ್ಟ್ರೇಲಿಯಾದ ಒಣನಾಡಿನದು. ಅದರ ಗಾಜಿನ ಪೆಟ್ಟಿಗೆಯ ಬಿಸಿ ಬಲ್ಬನ್ನು ಹಿಡಿತದಲ್ಲಿಡೋದು ಈ ಥರ್ಮೋಸ್ಟಾಟ್. ವೋಲ್ಟು, ವ್ಯಾಟು ಎಲ್ಲ ಡಬ್ಬಿ ಮೇಲೇ ಇದೆ. ನಾನು ಹೇಳಬೇಕಿರೋದು ಸೆನ್ಸರ್ ಅಂಟಿಸೋಕೆ ಕೊಡೋ ಆ ರಬ್ಬರ್ ಬಟ್ಟಲಿನ ವಿಷಯ. ಅದನ್ನು ನಂಬಬೇಡಿ.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ರೇಷ್ಮೆ ಗೂಡಿನ ಮಾರ್ಕೆಟ್‌ನಿಂದ ಬಂದು ನೋಡಿದರೆ, ಪ್ರಾಣಿ ತಂಪು ಮೂಲೆಯ ಗಾಜಿಗೆ ಒತ್ತಿಕೊಂಡು ಬಾಯಿ ತೆರೆದು ಕೂತಿತ್ತು. ದೀಪದ ಕೆಳಗೆ ಬಾಯಿ ತೆರೆಯೋದು ಮಾಮೂಲು, ಮೈ ಬಿಸಿ ಕಳೆಯೋಕೆ ಹಾಗೆ ಮಾಡ್ತವೆ. ತಂಪು ಮೂಲೇಲೂ ಬಾಯಿ ಬಿಟ್ಟಿದೆ ಅಂದ್ರೆ ಓಡೋಕೆ ಜಾಗ ಉಳಿದಿಲ್ಲ ಅಂತ. ದೀಪದ ಕೆಳಗಿನ ಕಡಪಾ ಕಲ್ಲಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ: 54 ಡಿಗ್ರಿ. ಇರಬೇಕಾದ್ದು 40ರ ಆಸುಪಾಸು. ರಬ್ಬರ್ ಬಟ್ಟಲು ಬಿಸಿಗೆ ಸಡಿಲವಾಗಿ ಸೆನ್ಸರ್ ಮರದ ತುಂಡಿನ ಹಿಂದೆ ನೆರಳಿಗೆ ಬಿದ್ದಿತ್ತು. ಅಲ್ಲಿ ಬರೀ 31. ಇನ್ನೂ 40 ಆಗಿಲ್ಲ ಅಂದುಕೊಂಡು ಥರ್ಮೋಸ್ಟಾಟ್ ಬಲ್ಬನ್ನು ಪೂರ್ತಿ ಉರಿಸ್ತಾ ಇತ್ತು. ಬಲ್ಬ್ ಆರಿಸಿ ಬಾಗಿಲು ತೆಗೆದೆ. ಸಂಜೆಗೆ ಚೇತರಿಸಿಕೊಂಡಿತು. ಆ ಸಂಜೆ ನನ್ನ ಗಂಟಲಲ್ಲಿ ಊಟ ಇಳಿಯಲಿಲ್ಲ.

ಕಂಪನಿಗೆ ಬರೆದೆ. ಇನ್ನೊಂದು ರಬ್ಬರ್ ಬಟ್ಟಲು ಕಳಿಸಿದರು. ಸೆನ್ಸರ್ ಜಾಗ ಬಿಟ್ಟು ಜಾರಿದರೆ ಬಲ್ಬ್ ಆರೋ ಹಾಗೆ, ಇಲ್ಲ ಕೂಗೋ ಹಾಗೆ ಮಾಡಬೇಕಿತ್ತು. ಇಷ್ಟು ದುಡ್ಡು ತಗೊಳ್ಳೋರು ಒಂದು ಗಟ್ಟಿ ಕ್ಲಿಪ್ಪಾದರೂ ಕೊಡಬೇಕು.

ದಾರಿ ತೋರಿಸಿದ್ದು ಅಪ್ಪ. ಚಾಕಿ ಹುಳಕ್ಕೆ (ಎಳೇ ರೇಷ್ಮೆ ಹುಳ) 27–28 ಡಿಗ್ರಿ, ದೊಡ್ಡ ಹುಳಕ್ಕೆ 25ರ ಹತ್ತಿರ ಅಂತ ಜೀವನವಿಡೀ ಕಾಪಾಡಿಕೊಂಡು ಬಂದವರು. “ನೋಡಪ್ಪ, ಹುಳ ಎಲ್ಲಿ ಮಲಗ್ತದೋ ಅಲ್ಲೇ ಬಿಸಿ ನೋಡಬೇಕು. ಗೋಡೇಲಿ ನೇತಾಕಿದ್ರೆ ಗೋಡೆ ಬಿಸಿ ಗೊತ್ತಾಗ್ತದೆ” ಅಂದರು. ಕಲ್ಲಿನ ಅಂಚಿಗೆ ಎರಡು ತೂತು ಕೊರೆದು, ತಾಮ್ರದ ತಂತಿಯಲ್ಲಿ ಸೆನ್ಸರ್ ಬಿಗಿದು ಕೊಟ್ಟರು. ಆಮೇಲೆ ಒಂದು ಸಲವೂ ಜಾರಿಲ್ಲ.

ಅಲ್ಲಿಂದಾಚೆಗೆ ಈ ಥರ್ಮೋಸ್ಟಾಟ್ ಮೇಲೆ ನನ್ನ ಸಿಟ್ಟು ಇಳಿದಿದೆ. ಬಲ್ಬನ್ನು ಪಟಪಟ ಆರಿಸಿ ಹೊತ್ತಿಸದೆ ಮೆಲ್ಲಗೆ ಮಂಕು ಮಾಡುತ್ತೆ. ಕಲ್ಲು 40ರಿಂದ ಒಂದು ಡಿಗ್ರಿ ಆಚೀಚೆ ಹೋಗಲ್ಲ. ಜನವರಿ ಚಳಿಗೆ ರೂಮಿನೊಳಗೇ 17 ತೋರಿಸ್ತಿದ್ದಾಗ, ಇದರ ಎರಡನೇ ಸಾಕೆಟ್‌ಗೆ ಹಾಕಿದ ಸೆರಾಮಿಕ್ ಹೀಟರ್ ಬೆಳಕಿಲ್ಲದೆ ರಾತ್ರಿಯಿಡೀ 21 ಕಾಯ್ತು.

ಬೆಳಿಗ್ಗೆ 7ಕ್ಕೆ ದೀಪ ಹೊತ್ತಿದಾಗ ನೋಡಬೇಕು. ಮರದ ತುಂಡಿನ ಕೆಳಗಿಂದ ಕಪ್ಪಗೆ ಹೊರಗೆ ಬರುತ್ತೆ, ಬಿಸಿ ಹೀರೋಕೆ ಆ ಬಣ್ಣ. ಕಲ್ಲಿನ ಮೇಲೆ ಹೊಟ್ಟೆ ಹರಡಿ ರೊಟ್ಟಿ ಹಾಗೆ ಚಪ್ಪಟೆ ಮಲಗುತ್ತೆ. ಅರ್ಧ ಗಂಟೆಯಲ್ಲಿ ಕಪ್ಪು ಹೋಗಿ ಹುಣಸೆ ಹೂವಿನ ತಿಳಿ ಹಳದಿ. ಆಗ ತಲೆ ಎತ್ತಿ ನನ್ನ ಕೈ ನೋಡುತ್ತೆ. ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಇಡ್ತೀನಿ, ಮೇಲೆ ಕ್ಯಾಲ್ಸಿಯಂ ಪುಡಿ, ಜೊತೆಗೆ ಮೂರನೇ ಜ್ವರ ಎದ್ದ (ಅಂದ್ರೆ ಮೂರನೇ ಸಲ ಪೊರೆ ಬಿಟ್ಟ) ನಾಲ್ಕು ರೇಷ್ಮೆ ಹುಳ. ಸುಣ್ಣ ಉದುರಿಸಿದ ತಟ್ಟೆಯ ಹುಳ ಕೊಡಲ್ಲ. ಹಾಲುತೊಂಡೆ (ರೇಷ್ಮೆ ಹುಳದ ರೋಗ) ಬಂದ ತಟ್ಟೆ ಹತ್ತಿರ ಹೋದ ಕೈಯಲ್ಲಿ ಇದನ್ನು ಮುಟ್ಟೋದೂ ಇಲ್ಲ.

ಯುವಿಬಿ (ಬಿಸಿಲಲ್ಲಿರೋ ಒಂದು ಬಗೆಯ ಅತಿನೇರಳೆ ಕಿರಣ) ಟ್ಯೂಬ್ ಬೇರೆಯೇ ಕೊಳ್ಳಬೇಕು, ಅದನ್ನು ಬಿಡಬೇಡಿ. ಕಿಟಕಿ ಗಾಜಿನಿಂದ ಬರೋ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತೆ. ಯುವಿಬಿ ಸಿಗದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತೆ. ಟ್ಯೂಬ್ ಉರೀತಿದ್ದರೂ ಯುವಿಬಿ ಇಳೀತಾ ಹೋಗುತ್ತೆ, ಅದಕ್ಕೆ ನಾನು ವರ್ಷಕ್ಕೊಂದು ಬದಲಾಯಿಸ್ತೀನಿ.

ಐದರಲ್ಲಿ ಮೂರೂವರೆ ಕೊಡ್ತೀನಿ. ಕೊಳ್ಳೋರು ಇನ್‌ಫ್ರಾರೆಡ್ ಥರ್ಮಾಮೀಟರಿನ ದುಡ್ಡನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ. ಮನೆ ಬಿಟ್ಟು ಹೊರಡೋ ಮುಂಚೆ ನಾನು ಈಗಲೂ ಒಂದು ಸಲ ಕಲ್ಲಿಗೆ ಹಿಡಿದು ನೋಡೇ ಹೋಗೋದು.